ಸೇವೆಗೆ ಪಗಾರ ತಗೊಳ್ಳಬಹುದೇ? ಊರ ಮಕ್ಕಳ ಓದಿಗಾಗಿ ಕೆಲಸ ಬಿಡಹೊರಟವರಿಗೆ ಒಂದು ಉತ್ತರ

ಓದುಗರ ಪ್ರಶ್ನೆ: "ನನಗೆ 34 ವರ್ಷ. ಊರು ಲಿಂಗಸುಗೂರು ತಾಲ್ಲೂಕಿನಲ್ಲಿ, ಕೆಲಸ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ. ನಾಲ್ಕು ವರ್ಷದಿಂದ ಗೆಳೆಯರ ಜೊತೆ ಸೇರಿ ಮೂರು ಹಳ್ಳಿಗಳಲ್ಲಿ 3ರಿಂದ 5ನೇ ತರಗತಿಯ 120 ಮಕ್ಕಳಿಗೆ ಸಂಜೆ ಓದು-ಬರಹದ ತರಗತಿ ನಡೆಸುತ್ತಿದ್ದೇನೆ. ಊರಿನ ಮೂವರು ಯುವತಿಯರು ಕಲಿಸುತ್ತಾರೆ, ತಲಾ 6,000 ಗೌರವಧನ. ಪುಸ್ತಕ, ಸಾಮಗ್ರಿಗೆ ವರ್ಷಕ್ಕೆ 60,000. ಒಂದು ಮಗುವಿಗೆ ವರ್ಷಕ್ಕೆ ಬರೀ 2,300 ರೂಪಾಯಿ ಬೀಳುತ್ತದೆ. ಕೆಲಸ ಬಿಟ್ಟು ಪೂರ್ಣಾವಧಿ ಇದಕ್ಕೇ ಇಳಿದು, ಎರಡು ವರ್ಷದಲ್ಲಿ 40 ಹಳ್ಳಿ ಮುಟ್ಟಬೇಕು ಅಂತಿದ್ದೇನೆ. ಅಮೆರಿಕದಲ್ಲಿರುವ ಕಾಲೇಜು ಗೆಳೆಯರು ವರ್ಷಕ್ಕೆ 6 ಲಕ್ಷ ಕಳಿಸುತ್ತೇವೆ ಅಂದಿದ್ದಾರೆ. ಟ್ರಸ್ಟ್ ಮಾಡಲೋ, ಸೊಸೈಟಿಯೋ, ಕಂಪನಿಯೋ? ಅಪ್ಪ ‘ಸೇವಾಕ ಯಾರರ ಪಗಾರ ತಗೊಂತಾರೇನು?’ ಅಂತಾರೆ. ನನಗೂ ಹಾಗೇ ಅನಿಸಿ, ಮೊದಲ ಎರಡು ವರ್ಷ ಉಳಿತಾಯದಲ್ಲೇ ಇರೋಣ ಅಂದುಕೊಂಡಿದ್ದೇನೆ. ಹೆಂಡತಿ ಕೇಳುವುದು ಒಂದೇ: ಹತ್ತು ವರ್ಷ ಆದಮೇಲೆ ನೀವು ಏನಾಗಿರುತ್ತೀರಿ?"

ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ನಾಲ್ಕೈದಿವೆ, ಬೇರು ಮಾತ್ರ ಒಂದೇ: ಆ 2,300 ರೂಪಾಯಿ. ಅಲ್ಲಿಂದಲೇ ಶುರು ಮಾಡೋಣ.

ನೀವು ಕೂಡಿಸಿದ್ದು ಎರಡೇ ಬಾಬ್ತು. ಗೌರವಧನ 2,16,000, ಸಾಮಗ್ರಿ 60,000, ಒಟ್ಟು 2,76,000. ಇದರಲ್ಲಿ ನಿಮ್ಮ ಬಸ್ಸು-ರೈಲು ಖರ್ಚಿಲ್ಲ. ಕರೆಂಟಿಲ್ಲ, ಫೋನಿಲ್ಲ, ಲೆಕ್ಕ ಬರೆಯುವವರಿಲ್ಲ. ಕಲಿಸುವವರಿಗೆ ತರಬೇತಿ ಕೊಡುವ ದಿನಗಳಿಲ್ಲ. ಎಲ್ಲಕ್ಕಿಂತ ದೊಡ್ಡದಾಗಿ, ನೀವೇ ಇಲ್ಲ. ಒಂದು ಅಂದಾಜು ಹಾಕುತ್ತೇನೆ, ನಿಮ್ಮ ಊರಿನ ದರಕ್ಕೆ ತಕ್ಕಂತೆ ತಿದ್ದಿಕೊಳ್ಳಿ. ಪಾಠದ ಸಿದ್ಧತೆ ಸೇರಿ ದಿನಕ್ಕೆ ನಾಲ್ಕು ಗಂಟೆಗೆ ಮೂವರಿಗೆ ತಿಂಗಳಿಗೆ ತಲಾ 10,000 ಎಂದರೆ ವರ್ಷಕ್ಕೆ 3,60,000. ಸಾಮಗ್ರಿ 60,000. ಮೂರು ಜಾಗದ ಕರೆಂಟು-ದುರಸ್ತಿ 36,000. ಓಡಾಟ 48,000. ತರಬೇತಿ 24,000. ಲೆಕ್ಕ ಮತ್ತು ಆಡಿಟ್ 42,000. ಫೋನು, ಮುದ್ರಣ 30,000. ಒಟ್ಟು 6 ಲಕ್ಷ, ಮಗುವಿಗೆ 5,000. ನಿಮಗೆ ತಿಂಗಳಿಗೆ 50,000 ಎಂದು ಬರೆದರೆ ಇನ್ನೊಂದು 6 ಲಕ್ಷ, ಆಗ ಮಗುವಿಗೆ 10,000. ಅಂಕಿ ನೋಡಿ ಹೆದರಬೇಡಿ. 15 ಹಳ್ಳಿ, 600 ಮಕ್ಕಳಾದಾಗ ತರಗತಿಗಳ ಖರ್ಚು 30 ಲಕ್ಷ, ನಿಮ್ಮ ಸಂಬಳ 6 ಲಕ್ಷ, ಇಬ್ಬರು ಮೇಲ್ವಿಚಾರಕರಿಗೆ 4.8 ಲಕ್ಷ, ಅರ್ಧಕಾಲದ ಲೆಕ್ಕಿಗರಿಗೆ 1.2 ಲಕ್ಷ. ಒಟ್ಟು 42 ಲಕ್ಷ, ಮಗುವಿಗೆ 7,000.

ಈಗ 40 ಹಳ್ಳಿಯ ಮಾತು. ಹಳ್ಳಿಗೆ 40ರಂತೆ 1,600 ಮಕ್ಕಳು. 7,000ದ ಲೆಕ್ಕದಲ್ಲಿ 1 ಕೋಟಿ 12 ಲಕ್ಷ ಬೇಕು. ನಿಮ್ಮ 2,300ರ ಲೆಕ್ಕ ಹಿಡಿದು ಹೋದರೆ ದಾನಿಯ ಮುಂದೆ ಇಡುವುದು 36 ಲಕ್ಷ 80 ಸಾವಿರ. ನಡುವಿನ 75 ಲಕ್ಷ ಯಾರು ತುಂಬುತ್ತಾರೆ? ಒಮ್ಮೆ 2,300 ಎಂದು ಹೇಳಿದ ಮೇಲೆ, ಮರುವರ್ಷ 7,000 ಎಂದರೆ ದಾನಿ ನಂಬುವುದಿಲ್ಲ. ‘ಹೋದ ವರ್ಷ ಅಷ್ಟರಲ್ಲೇ ಆಗಿತ್ತಲ್ಲ’ ಎನ್ನುತ್ತಾರೆ. ನನ್ನ ಮುಂದೆ ಬರುವ ಸಣ್ಣ ಶಿಕ್ಷಣ ಸಂಸ್ಥೆಗಳ ಲೆಕ್ಕಪತ್ರಗಳಲ್ಲಿ ಅತಿ ಹೆಚ್ಚು ಕಾಣುವ ರೋಗ ಇದೇ. ಸ್ಥಾಪಕರು ಪುಕ್ಕಟೆ ದುಡಿದದ್ದು ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಹಾಗಾಗಿ ಕಾರ್ಯಕ್ರಮ ಅಗ್ಗವಾಗಿ ತೋರುತ್ತದೆ. ಅಗ್ಗವಾಗಿ ತೋರಿದ್ದನ್ನು ನಂಬಿ ಹಿಗ್ಗಿಸುತ್ತಾರೆ, ಮೂರನೇ ವರ್ಷ ಸಂಬಳ ಕೊಡಲು ಹಣವಿಲ್ಲದೆ ಕಲಿಸುವವರು ಒಬ್ಬೊಬ್ಬರಾಗಿ ಬಿಡುತ್ತಾರೆ.

ಆದ್ದರಿಂದ ನಿಮ್ಮ ತಂದೆಯವರ ಪ್ರಶ್ನೆಗೆ ನನ್ನ ಉತ್ತರ ನೇರವಾದದ್ದು: ತಗೊಳ್ಳಬಹುದು, ತಗೊಳ್ಳಲೇಬೇಕು, ಮೊದಲ ತಿಂಗಳಿಂದಲೇ. ಕೈಯಲ್ಲಿ ಹಣವಿಲ್ಲದಿದ್ದರೂ ಬಜೆಟ್ಟಿನಲ್ಲಿ ಆ ಸಾಲು ಇರಲಿ. ಸಂಬಳ ಪಡೆದು, ತೆರಿಗೆ ಕಟ್ಟಿ, ಬೇಕಿದ್ದರೆ ಅದರಲ್ಲೇ ಒಂದು ಭಾಗವನ್ನು ರಸೀದಿ ಪಡೆದು ದಾನ ಕೊಡಿ. ಆಗ ಎರಡೂ ಲೆಕ್ಕದಲ್ಲಿ ಕಾಣುತ್ತದೆ. ನಾಳೆ ನೀವು ಕಾಯಿಲೆ ಬಿದ್ದರೆ, ಊರು ಬಿಟ್ಟರೆ, ನಿಮ್ಮ ಜಾಗಕ್ಕೆ ಬರುವವರು ಉಳಿತಾಯದಲ್ಲಿ ಬದುಕಲು ಬರುವುದಿಲ್ಲ. ಸಂಬಳವಿಲ್ಲದ ಹುದ್ದೆಗೆ ಅನುಕೂಲಸ್ಥರ ಮನೆಯವರಷ್ಟೇ ಬರಲು ಸಾಧ್ಯ. ಬಡ ಮಕ್ಕಳಿಗೆ ಅವಕಾಶ ತೆರೆಯುವ ಸಂಸ್ಥೆಯೇ ತನ್ನ ಮುಖ್ಯಸ್ಥರ ಕುರ್ಚಿಯನ್ನು ಬಡವರ ಮನೆಯವರಿಗೆ ಮುಚ್ಚಿಬಿಟ್ಟರೆ ಹೇಗೆ?

ಕಾನೂನಿನ ಅಡ್ಡಿ ಇದೆಯೇ? ಇಲ್ಲ, ಆದರೆ ಕ್ರಮ ಇದೆ. ಟ್ರಸ್ಟಿಯಾದವರು ಟ್ರಸ್ಟಿನಿಂದ ಪ್ರತಿಫಲ ಪಡೆಯಬೇಕಾದರೆ ಟ್ರಸ್ಟ್ ಡೀಡ್‌ನಲ್ಲಿ (ಟ್ರಸ್ಟಿನ ಮೂಲ ದಸ್ತಾವೇಜಿನಲ್ಲಿ) ಅದಕ್ಕೆ ಸ್ಪಷ್ಟ ಅವಕಾಶ ಇರಬೇಕು. ಅಂಗಡಿಯಲ್ಲಿ ಸಿಗುವ ಅಚ್ಚಿನ ಮಾದರಿ ಡೀಡ್‌ಗಳಲ್ಲಿ ‘ಟ್ರಸ್ಟಿಗಳು ಯಾವುದೇ ಸಂಭಾವನೆ ಪಡೆಯತಕ್ಕದ್ದಲ್ಲ’ ಎಂಬ ಸಾಲು ಸಾಮಾನ್ಯ. ಅದನ್ನು ಓದದೆ ಸಹಿ ಹಾಕಿದವರು ಆಮೇಲೆ ಪೇಚಾಡುತ್ತಾರೆ. ‘ಪೂರ್ಣಾವಧಿ ಕಾರ್ಯನಿರ್ವಹಿಸುವ ಟ್ರಸ್ಟಿಗೆ ಅವರು ಸಲ್ಲಿಸುವ ಕೆಲಸಕ್ಕಾಗಿ ಯುಕ್ತ ಸಂಬಳ ಕೊಡಬಹುದು’ ಎಂದು ಬರೆಸಿ. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 13 ಕೇಳುವುದೂ ಇದನ್ನೇ: ಸ್ಥಾಪಕರಿಗೆ, ಟ್ರಸ್ಟಿಗಳಿಗೆ, ಅವರ ಬಂಧುಗಳಿಗೆ ಕೊಟ್ಟದ್ದು ಮಾಡಿದ ಕೆಲಸಕ್ಕೆ ತಕ್ಕದ್ದಾಗಿರಬೇಕು; ಮೀರಿದರೆ ತೆರಿಗೆ ವಿನಾಯಿತಿಗೇ ಕುತ್ತು. ಅದಕ್ಕೆ ನಾಲ್ಕು ಕಾಗದ ಸಾಕು. ಇಂಥದ್ದೇ ಗಾತ್ರದ ಎರಡು ಮೂರು ಸಂಸ್ಥೆಗಳು ಏನು ಕೊಡುತ್ತವೆ ಎಂಬ ಟಿಪ್ಪಣಿ, ನೀವು ಹೊರಗೆ ಕೂತಾಗ ಉಳಿದ ಟ್ರಸ್ಟಿಗಳು ಮಾಡಿದ ಠರಾವು, ನೇಮಕಾತಿ ಪತ್ರ, ತಿಂಗಳ ಸಂಬಳ ಬ್ಯಾಂಕಿನಿಂದ ಬ್ಯಾಂಕಿಗೆ ಹೋದ ದಾಖಲೆ. ನಗದು ಮುಟ್ಟಬೇಡಿ.

ಇನ್ನು ಟ್ರಸ್ಟೋ, ಸೊಸೈಟಿಯೋ, ಕಂಪನಿಯೋ ಎಂಬುದು. ಈ ವಿಷಯಕ್ಕೆ ಜನ ಕೊಡುವಷ್ಟು ತಲೆಬಿಸಿ ಇದಕ್ಕೆ ಬೇಕಿಲ್ಲ. ಟ್ರಸ್ಟ್ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗುತ್ತದೆ. ಬೇಗ ಆಗುತ್ತದೆ, ನಡೆಸುವುದು ಸುಲಭ. ಆದರೆ ಒಮ್ಮೆ ಬರೆದ ಉದ್ದೇಶಗಳನ್ನು ಬದಲಿಸಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಗಬಹುದು. ಡೀಡ್ ಬರೆಸುವಾಗಲೇ ಹತ್ತು ವರ್ಷ ಮುಂದಿನದನ್ನು ಯೋಚಿಸಿ. ಸೊಸೈಟಿಗೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಸದಸ್ಯರು ಬೇಕು, ಪ್ರತಿವರ್ಷ ಸರ್ವಸದಸ್ಯರ ಸಭೆ ಕರೆದು ರಿಜಿಸ್ಟ್ರಾರ್‌ಗೆ ಪಟ್ಟಿ ಸಲ್ಲಿಸಬೇಕು. ಊರಿನ ಜನರೇ ಒಡೆಯರಾಗಿರಬೇಕು ಎಂಬ ಆಶಯಕ್ಕೆ ಇದು ಒಪ್ಪುತ್ತದೆ. ಸದಸ್ಯತ್ವದ ನಿಯಮ ಸಡಿಲವಿದ್ದರೆ ಮಾತ್ರ ಚುನಾವಣೆಯ ಜಗಳ ಒಳಗೆ ಬರುತ್ತದೆ. ಕಂಪನಿ ಕಾಯ್ದೆ, 2013ರ ಸೆಕ್ಷನ್ 8ರ ಕಂಪನಿಗೆ ಇಬ್ಬರು ನಿರ್ದೇಶಕರು ಸಾಕು, ದೊಡ್ಡ ದಾನಿಗಳಿಗೆ ಅದರ ಪಾರದರ್ಶಕತೆ ಹಿಡಿಸುತ್ತದೆ. ಆದರೆ ವರ್ಷಾವಧಿ ಫೈಲಿಂಗ್ ತಪ್ಪಿದರೆ ದಂಡ ಏರುತ್ತಲೇ ಹೋಗುತ್ತದೆ, ಲೆಕ್ಕಿಗರ ಖರ್ಚೂ ಹೆಚ್ಚು. ನಿಮ್ಮ ಗಾತ್ರಕ್ಕೆ ಟ್ರಸ್ಟ್ ಸಾಕು ಎಂಬುದು ನನ್ನ ಅಭಿಪ್ರಾಯ.

ನಿಜವಾಗಿ ತಲೆಕೆಡಿಸಿಕೊಳ್ಳಬೇಕಾದದ್ದು ಟ್ರಸ್ಟಿಗಳು ಯಾರು ಎಂಬುದಕ್ಕೆ. ನೀವು, ಹೆಂಡತಿ, ತಮ್ಮ, ಭಾವಮೈದ ಎಂದು ಬರೆಸಿದರೆ ಯಾವ ಒಳ್ಳೆಯ ದಾನಿಯೂ ಹತ್ತಿರ ಬರುವುದಿಲ್ಲ, ನಿಮ್ಮ ಸಂಬಳದ ಠರಾವಿಗೂ ಬೆಲೆಯಿರುವುದಿಲ್ಲ. ಐದರಿಂದ ಏಳು ಜನ ಇರಲಿ. ಬಂಧುಗಳಲ್ಲದ ಒಬ್ಬ ಲೆಕ್ಕಪರಿಶೋಧಕರು, ನಿಮ್ಮ ಭಾಗದ ನಿವೃತ್ತ ಶಿಕ್ಷಕರೊಬ್ಬರು, ನಿಮ್ಮ ತರಗತಿ ನಡೆಯುವ ಹಳ್ಳಿಯ ಒಬ್ಬ ತಾಯಿ, ನಿಮಗೆ ‘ಬೇಡ’ ಎಂದು ಮುಖಕ್ಕೆ ಹೇಳಬಲ್ಲ ಒಬ್ಬರು. ಮೂರು ತಿಂಗಳಿಗೊಮ್ಮೆ ಸಭೆ, ನಡವಳಿ ಪುಸ್ತಕದಲ್ಲಿ ಸಹಿ. 1916ರಲ್ಲಿ ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯನ್ನು ಶುರು ಮಾಡಿದವರು ಏಳು ಮಂದಿ ಶಿಕ್ಷಕರು. ನೂರು ವರ್ಷ ದಾಟಿದ ಸಂಸ್ಥೆಯೊಂದರ ಬುಡದಲ್ಲಿ ಒಬ್ಬರ ಬದಲು ಏಳು ಜನ ಇದ್ದದ್ದನ್ನು ಗಮನಿಸಿ.

ನೋಂದಣಿಯಾದ ಮೇಲೆ ಪ್ಯಾನ್, ಬ್ಯಾಂಕ್ ಖಾತೆ, ಆದಾಯ ತೆರಿಗೆ ಇಲಾಖೆಯಲ್ಲಿ 12ಎಬಿ (ಸಂಸ್ಥೆಯ ಆದಾಯಕ್ಕೆ ತೆರಿಗೆ ವಿನಾಯಿತಿ) ಮತ್ತು 80ಜಿ (ದಾನಿಗೆ ತೆರಿಗೆ ವಿನಾಯಿತಿ), ನೀತಿ ಆಯೋಗದ ಎನ್‌ಜಿಒ ದರ್ಪಣ್ ಜಾಲತಾಣದಲ್ಲಿ ನೋಂದಣಿ. (2025ರ ಹೊಸ ಆದಾಯ ತೆರಿಗೆ ಕಾಯ್ದೆಯ ಜಾರಿ ದಿನಾಂಕ 2026ರ ಏಪ್ರಿಲ್ 1. ಅದರೊಂದಿಗೆ ಸೆಕ್ಷನ್, ಫಾರ್ಮುಗಳ ಸಂಖ್ಯೆ ಬದಲು. ಎಲ್ಲರ ಬಾಯಲ್ಲಿರುವ ಹಳೆಯ ಹೆಸರುಗಳನ್ನೇ ನಾನಿಲ್ಲಿ ಬಳಸಿದ್ದೇನೆ.) ಹೊಸ ಸಂಸ್ಥೆಗೆ ಮೊದಲು ಸಿಗುವುದು ಮೂರು ವರ್ಷದ ತಾತ್ಕಾಲಿಕ ನೋಂದಣಿ. ಚಟುವಟಿಕೆ ಆರಂಭಿಸಿದ ಆರು ತಿಂಗಳೊಳಗೆ ಅದನ್ನು ಪೂರ್ಣ ನೋಂದಣಿಯಾಗಿಸಲು ಮತ್ತೆ ಅರ್ಜಿ ಹಾಕಬೇಕು. ಎಡವುವುದು ಇಲ್ಲೇ. ಮೂರು ವರ್ಷ ಇದೆಯಲ್ಲ ಎಂದು ಸುಮ್ಮನಿದ್ದು ಗಡುವು ಕಳೆದುಕೊಳ್ಳುತ್ತಾರೆ. ದಿನಾಂಕವನ್ನು ಗೋಡೆಯ ಮೇಲೆ ಬರೆದಿಡಿ. 80ಜಿ ಬಗ್ಗೆ ಇನ್ನೊಂದು ಮಾತು. ದಾನಿಗೆ ಕೊಟ್ಟ ಮೊತ್ತದ ಅರ್ಧಕ್ಕೆ ವಿನಾಯಿತಿ ಸಿಗುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ, 2,000ಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದೂ ಇಲ್ಲ. ನಿಮ್ಮ ಆಫೀಸಿನ ಬಹಳ ಗೆಳೆಯರು ಹೊಸ ಪದ್ಧತಿಗೆ ಹೋಗಿರಬಹುದು. ತೆರಿಗೆ ಉಳಿತಾಯದ ಮಾತಿನಿಂದ ದಾನ ಕೇಳುವ ಕಾಲ ಹೋಯಿತು.

ಅಮೆರಿಕದ ಹಣದ ವಿಷಯದಲ್ಲಿ ದಯವಿಟ್ಟು ನಿಧಾನಿಸಿ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ (ಎಫ್‌ಸಿಆರ್‌ಎ), 2010ರ ಕಣ್ಣಿಗೆ ಬೀಳುವುದು ಹಣ ಬಂದ ದೇಶಕ್ಕಿಂತ ಕೊಟ್ಟವರ ಪೌರತ್ವ. ಭಾರತದ ಪಾಸ್‌ಪೋರ್ಟ್ ಇರುವ ಗೆಳೆಯ, ಗ್ರೀನ್ ಕಾರ್ಡ್ ಇದ್ದರೂ ಸರಿ, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆಯಲ್ಲ. ಅಮೆರಿಕದ ಪೌರತ್ವ ಪಡೆದವನು, ಕೈಯಲ್ಲಿ ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಮ್ಮ ಭಾಷೆಯವನೇ ಆದರೂ, ವಿದೇಶಿ ಮೂಲ. ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದೆ ಅವನಿಂದ ಸಾವಿರ ರೂಪಾಯಿ ಪಡೆದರೂ ಅಪರಾಧ. ಆ ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಆ ಅವಧಿಯಲ್ಲಿ ಉದ್ದೇಶಕ್ಕಾಗಿ 15 ಲಕ್ಷ ಖರ್ಚು ಮಾಡಿರಬೇಕು. ಒಳ್ಳೆಯ ಮನಸ್ಸಿನಿಂದಲೇ ಆಗುವ ತಪ್ಪು ಎಂದರೆ, ಹತ್ತು ಗೆಳೆಯರ ಹಣವನ್ನು ಒಬ್ಬ ತನ್ನ ಖಾತೆಗೆ ಕೂಡಿಸಿಕೊಂಡು ಒಟ್ಟಿಗೆ ಕಳಿಸುವುದು. ಆ ಒಬ್ಬ ಅಮೆರಿಕನ್ ಪೌರನಾಗಿದ್ದರೆ, ಅಥವಾ ಕೂಡಿಸಿದ್ದರಲ್ಲಿ ಅವನ ಅಮೆರಿಕನ್ ಸಹೋದ್ಯೋಗಿಗಳ ಹಣವೂ ಇದ್ದರೆ, ಅಷ್ಟೂ ಕೆಡುತ್ತದೆ. ಪ್ರತಿಯೊಬ್ಬರ ಪಾಸ್‌ಪೋರ್ಟ್ ಪ್ರತಿ ಪಡೆದು, ಭಾರತೀಯ ಪೌರರಿಂದ ಮಾತ್ರ, ಅವರವರ ಖಾತೆಯಿಂದ ನೇರವಾಗಿ ಪಡೆಯಿರಿ. ಉಳಿದವರಿಗೆ ಮೂರು ವರ್ಷ ಕಾಯಿರಿ ಎನ್ನಿ.

ಆ ಗೆಳೆಯರ ಹಣವನ್ನು ನಿತ್ಯದ ಖರ್ಚಿಗೆ ಸುರಿಯಬೇಡಿ ಎಂಬುದು ನನ್ನ ಇನ್ನೊಂದು ಕಳಕಳಿ. ಕಾರಣ ಹೇಳುತ್ತೇನೆ. ನೀವು ಮುಂದೆ ನಂಬಿಕೊಳ್ಳುವುದು ಕಂಪನಿಗಳ ಸಿಎಸ್‌ಆರ್ ಹಣವನ್ನು, ಅಂದರೆ ಅವು ಸಾಮಾಜಿಕ ಹೊಣೆಯಾಗಿ ಖರ್ಚು ಮಾಡುವ ಹಣವನ್ನು. ಅದನ್ನು ಪಡೆಯಲು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್‌ಆರ್-1 ನೋಂದಣಿ, 12ಎಬಿ, 80ಜಿ, ಇಂಥದ್ದೇ ಕೆಲಸದಲ್ಲಿ ಮೂರು ವರ್ಷದ ಅನುಭವ ಬೇಕು. ನಿಮ್ಮ ನಾಲ್ಕು ವರ್ಷದ ದುಡಿಮೆ ಸಂಸ್ಥೆಯ ಹೆಸರಿನಲ್ಲಿ ಇಲ್ಲದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಡಿಯಾರ ಶುರುವಾಗುವುದು ನೋಂದಣಿಯ ದಿನದಿಂದ. ಹಣ ಸಿಕ್ಕ ಮೇಲೂ ಅದು ಬರುವ ಹೊತ್ತು ಬೇರೆ, ನಿಮಗೆ ಬೇಕಾಗುವ ಹೊತ್ತು ಬೇರೆ. ಕಂಪನಿಯ ವರ್ಷ ಏಪ್ರಿಲ್‌ಗೆ ಶುರುವಾದರೂ ಸಮಿತಿ ಕೂತು, ಒಪ್ಪಿ, ಒಪ್ಪಂದಕ್ಕೆ ಸಹಿ ಬೀಳುವಾಗ ಬಹಳ ಸಲ ಸೆಪ್ಟೆಂಬರ್ ಆಗಿರುತ್ತದೆ. ಶಾಲೆ ಶುರುವಾಗುವುದು ಜೂನ್‌ಗೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗಿನ ಐದು ತಿಂಗಳ ಖರ್ಚಿನ ಹಣ ನಿಮ್ಮ ಕೈಯಲ್ಲೇ ಇರಬೇಕು. 15 ಹಳ್ಳಿಯ ಗಾತ್ರಕ್ಕೆ ತಿಂಗಳಿಗೆ ಮೂರೂವರೆ ಲಕ್ಷದಂತೆ ಅದು ಹದಿನೇಳೂವರೆ ಲಕ್ಷ. ಈ ಮೀಸಲು ನಿಧಿಯನ್ನು ಸಿಎಸ್‌ಆರ್ ಹಣದಿಂದ ಕಟ್ಟಲಾಗದು, ಸಂಸ್ಥೆಯ ಕಾರ್ಪಸ್‌ಗೆ (ಮೂಲನಿಧಿಗೆ) ಕೊಟ್ಟದ್ದನ್ನು ಸಿಎಸ್‌ಆರ್ ಎಂದು ಒಪ್ಪುವುದಿಲ್ಲ. ತೆರಿಗೆ ವಿನಾಯಿತಿ ಇರುವ ಸಂಸ್ಥೆ ಆದಾಯದ ಶೇ 85ನ್ನು ಅದೇ ವರ್ಷ ಉದ್ದೇಶಕ್ಕೆ ಬಳಸಬೇಕೆಂಬ ನಿಯಮವೂ ಇದೆ. ಹಾಗಾಗಿ ಮೀಸಲು ಬರಬೇಕಾದದ್ದು ವ್ಯಕ್ತಿಗಳಿಂದ, ‘ಇದು ಕಾರ್ಪಸ್‌ಗೆ’ ಎಂದು ಅವರು ಬರೆದುಕೊಟ್ಟ ದೇಣಿಗೆಯಾಗಿ, ಬ್ಯಾಂಕಿನ ಠೇವಣಿಯಲ್ಲಿ. ನಿಮ್ಮ ಗೆಳೆಯರ ಹಣಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ.

ಸಿಎಸ್‌ಆರ್ ಅರ್ಜಿ ಹಾಕುವ ಕಾಲ ಬಂದಾಗ ಬೆಂಗಳೂರಿನ ದೊಡ್ಡ ಕಂಪನಿಗಳ ಬಾಗಿಲಿಗೆ ಮೊದಲು ಹೋಗಬೇಡಿ. ಕಂಪನಿ ಕಾಯ್ದೆಯ ಸೆಕ್ಷನ್ 135, ಕಂಪನಿ ಕೆಲಸ ಮಾಡುವ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ಇರಲಿ ಎನ್ನುತ್ತದೆ. ಹಟ್ಟಿ ಚಿನ್ನದ ಗಣಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ರಾಯಚೂರು ಕೇಂದ್ರ ಸರ್ಕಾರದ ಮಹತ್ವಾಕಾಂಕ್ಷಿ (ಹಿಂದುಳಿದ) ಜಿಲ್ಲೆಗಳ ಪಟ್ಟಿಯಲ್ಲಿದೆ, ಅದನ್ನೂ ಅರ್ಜಿಯಲ್ಲಿ ಬರೆಯಿರಿ. ‘ಆಡಳಿತ ವೆಚ್ಚಕ್ಕೆ ಶೇ 5ಕ್ಕಿಂತ ಹೆಚ್ಚು ಕೊಡಲಾಗದು, ಕಾನೂನೇ ಹಾಗಿದೆ’ ಎಂದು ಯಾರಾದರೂ ಹೇಳಿದರೆ ನಿಯಮವನ್ನು ತೆರೆದು ತೋರಿಸಿ. ಆ ಶೇ 5ರ ಮಿತಿ ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಮಾಡುವ ಖರ್ಚಿಗೆ. ಯೋಜನೆಯನ್ನು ರೂಪಿಸುವ, ನಡೆಸುವ, ನಿಗಾ ಇಡುವ, ಮೌಲ್ಯಮಾಪನ ಮಾಡುವ ನೇರ ಖರ್ಚು ಅದರೊಳಗೆ ಬರುವುದಿಲ್ಲ. ನಿಮ್ಮ ಮೇಲ್ವಿಚಾರಕರ ಸಂಬಳ ಯೋಜನೆಯ ಖರ್ಚು. ಅದನ್ನು ‘ಆಡಳಿತ’ ಎಂಬ ತಲೆಬರಹದ ಕೆಳಗೆ ನೀವೇ ಬರೆದು ಕೈಸುಟ್ಟುಕೊಳ್ಳಬೇಡಿ.

ಹಣದ ಮಾತು ಸಾಕು. ಮಕ್ಕಳು ಕಲಿಯುತ್ತಿದ್ದಾರೆಯೇ? 120 ಮಕ್ಕಳು ಬರುತ್ತಾರೆ ಎಂದು ಬರೆದಿದ್ದೀರಿ, ಎಷ್ಟು ಜನ ಓದುತ್ತಾರೆ ಎಂದು ಬರೆದಿಲ್ಲ. ನನಗೆ ಈ ಪತ್ರದಲ್ಲಿ ಅತಿ ಹೆಚ್ಚು ಕಾಡಿದ್ದು ಇದು. ಪ್ರಥಮ್ ಎಂಬ ಶಿಕ್ಷಣ ಸಂಸ್ಥೆ 2005ರಿಂದ ನಡೆಸುತ್ತಿರುವ, ಗ್ರಾಮೀಣ ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯ ಓದಿನ ಹಾಳೆ ನಿಮಗೆ ಸಾಕು. ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪ್ಯಾರಾ, ಎರಡನೇ ತರಗತಿ ಮಟ್ಟದ ಕಥೆ. ಒಂದೊಂದೇ ಮಗುವನ್ನು ಕೂರಿಸಿ ಓದಿಸಿ, ಮಗು ಎಲ್ಲಿ ನಿಲ್ಲುತ್ತದೋ ಅದು ಅದರ ಮಟ್ಟ. ಮಗುವಿಗೆ ಕೆಲವೇ ನಿಮಿಷ. ಆಮೇಲೆ ಗುಂಪು ಮಾಡುವುದು ತರಗತಿ ನೋಡಿ ಅಲ್ಲ, ಈ ಮಟ್ಟ ನೋಡಿ. ಕನ್ನಡದಲ್ಲಿ ಮಕ್ಕಳು ವರ್ಣಮಾಲೆ ದಾಟಿದ ಮೇಲೆ ಬೀಳುವ ಎರಡು ಗುಂಡಿಗಳಿವೆ: ಕಾಗುಣಿತ ಮತ್ತು ಒತ್ತಕ್ಷರ. ‘ಕಮಲ’ ಓದುವ ಮಗು ‘ಕುದುರೆ’ಯಲ್ಲಿ ತಡವರಿಸುತ್ತದೆ, ‘ಕುದುರೆ’ ದಾಟಿದ ಮಗು ‘ಹಳ್ಳಿ’ಯನ್ನು ‘ಹಳಿ’ ಎನ್ನುತ್ತದೆ. ಅದಕ್ಕೆ ‘ಪದ’ ಎಂಬ ಒಂದೇ ಮಟ್ಟವನ್ನು ನೀವು ಮೂರಾಗಿ ಒಡೆದುಕೊಳ್ಳಿ: ಗುಣಿತವಿಲ್ಲದ್ದು, ಗುಣಿತವಿರುವುದು, ಒತ್ತಕ್ಷರವಿರುವುದು. ಕಲಿಸುವವರಿಗೆ ನಾಳೆ ಸಂಜೆ ಏನು ಮಾಡಬೇಕೆಂದು ತಿಳಿಯುವುದು ಆಗಲೇ.

ಜೂನ್, ನವೆಂಬರ್, ಮಾರ್ಚ್, ಹೀಗೆ ಮೂರು ಸಲ ಅಳೆಯಿರಿ. ನಿಮ್ಮ ಭಾಗದಲ್ಲಿ ಇದಕ್ಕೊಂದು ದೊಡ್ಡ ತೊಡಕಿದೆ, ಗುಳೆ. ಸುಗ್ಗಿ ಮುಗಿದ ಮೇಲೆ ಅಪ್ಪ-ಅವ್ವನ ಜೊತೆ ಮಕ್ಕಳೂ ಊರು ಬಿಡುತ್ತಾರೆ. ಒಂದು ಹಳ್ಳಿಯಲ್ಲಿ ಜೂನ್‌ನಲ್ಲಿ 40 ಮಕ್ಕಳನ್ನು ಅಳೆದಿರಿ, 18 ಜನ ಪ್ಯಾರಾ ಓದಿದರು, ಶೇ 45 ಎಂದುಕೊಳ್ಳಿ. ಮಾರ್ಚ್‌ಗೆ ಉಳಿದವರು 28, ಓದಿದವರು 21, ಶೇ 75. ವರದಿಯಲ್ಲಿ ‘45ರಿಂದ 75ಕ್ಕೆ ಏರಿಕೆ’ ಎಂದು ಬರೆಯಲು ಕೈ ತುರಿಸುತ್ತದೆ. ಆದರೆ ಗುಳೆ ಹೋದ 12ರಲ್ಲಿ 10 ಮಕ್ಕಳು ಓದಲು ಬಾರದವರೇ ಆಗಿದ್ದರೆ? ಉಳಿದ 28ರಲ್ಲಿ ಜೂನ್‌ನಲ್ಲೇ 16 ಜನ ಓದುತ್ತಿದ್ದರು. ನಿಮ್ಮ ತರಗತಿಯಿಂದ ಹೊಸದಾಗಿ ಓದಿದ್ದು 5 ಮಕ್ಕಳು. ಅತ್ಯಂತ ಬಡ ಮನೆಯ ಹತ್ತು ಮಕ್ಕಳು ಲೆಕ್ಕದಿಂದಲೇ ಮಾಯವಾಗಿದ್ದಾರೆ. ಎರಡೂ ಸಲ ಅಳೆದ ಮಕ್ಕಳನ್ನು ಮಾತ್ರ ಹೋಲಿಸಿ, ಊರು ಬಿಟ್ಟವರ ಸಂಖ್ಯೆಯನ್ನು ಅದರ ಪಕ್ಕದಲ್ಲೇ ಬರೆಯಿರಿ. ಪ್ರಾಮಾಣಿಕ ಅಂಕಿಗೆ ಹೆದರುವ ದಾನಿ ನಿಮಗೆ ಬೇಡ. ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ದಾರಿ ಹುಡುಕುವುದು 37 ಹೊಸ ಹಳ್ಳಿಗಿಂತ ದೊಡ್ಡ ಕೆಲಸ ಎಂದು ನನಗನ್ನಿಸುತ್ತದೆ.

ಶಿಕ್ಷಣ ಇಲಾಖೆಯ ಜೊತೆ ಹೇಗಿರಬೇಕು? ಸಂಜೆ ಹೊತ್ತು ಸಮುದಾಯ ಭವನದಲ್ಲಿ ನಡೆಸುವಾಗ ಶಾಲೆಯ ಮುಖ್ಯಶಿಕ್ಷಕರಿಗೂ ಎಸ್‌ಡಿಎಂಸಿಗೂ (ಶಾಲಾಭಿವೃದ್ಧಿ ಸಮಿತಿಗೂ) ತಿಳಿಸಿ ಮಾಡಿದರೆ ಸಾಕು. ಶಾಲೆಯ ಕೋಣೆಯೊಳಗೆ ಕಾಲಿಡುವುದಾದರೆ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮೂಲಕ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಹಾಕಿ, ಲಿಖಿತ ಅನುಮತಿ ಪಡೆಯಿರಿ. ಹಲವು ತಾಲ್ಲೂಕಿಗಾದರೆ ಜಿಲ್ಲೆಯ ಡಿಡಿಪಿಐ (ಶಾಲಾ ಶಿಕ್ಷಣ ಉಪನಿರ್ದೇಶಕರು) ಅವರಿಂದ. ಬಾಯಿಮಾತಿನ ಒಪ್ಪಿಗೆ ವರ್ಗಾವಣೆಯ ಜೊತೆಗೇ ಹೋಗುತ್ತದೆ. ಅನುಮತಿ ಪತ್ರ ಹುದ್ದೆಯ ಹೆಸರಿನಲ್ಲಿರಲಿ, ಪ್ರತಿ ಜೂನ್‌ನಲ್ಲಿ ನವೀಕರಿಸಿ. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳನ್ನೂ (ಗ್ರಂಥಾಲಯಗಳನ್ನೂ) ನೋಡಿ, ಜಾಗ, ಪುಸ್ತಕ ಎರಡೂ ಅಲ್ಲಿವೆ. ಇನ್ನೊಂದು ಎಚ್ಚರಿಕೆ: ಸರ್ಕಾರಿ ಶಿಕ್ಷಕರನ್ನು ಹಣ ಕೊಟ್ಟು ಕಲಿಸಲು ಹಚ್ಚಬೇಡಿ. ಶಿಕ್ಷಕರು ಖಾಸಗಿ ಪಾಠ ಮಾಡುವುದನ್ನು ಶಿಕ್ಷಣ ಹಕ್ಕು ಕಾಯ್ದೆ, 2009ರ ಸೆಕ್ಷನ್ 28 ನಿಷೇಧಿಸುತ್ತದೆ. ತೊಂದರೆಗೆ ಸಿಗುವವರು ಅವರು.

ಮಕ್ಕಳ ಸುರಕ್ಷೆಯ ನಿಯಮ ಬರೆಯದೆ ನಾಲ್ಕನೇ ಹಳ್ಳಿಗೆ ಹೋಗಬೇಡಿ. ಸಂಜೆಯ ತರಗತಿ, ಕತ್ತಲಾದ ಮೇಲೆ ಮನೆಗೆ ಹೋಗುವ ಮಕ್ಕಳು. ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಬಾಗಿಲ ಹಿಂದೆ ಇರಬಾರದು, ಪ್ರತಿ ಕೇಂದ್ರದಲ್ಲಿ ಒಬ್ಬ ತಾಯಿ ಹಾಜರಿರಬೇಕು, ಕೆಲಸಕ್ಕೆ ಸೇರುವ ಎಲ್ಲರ ಪೊಲೀಸ್ ಪರಿಶೀಲನೆ ಆಗಬೇಕು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಊರಿನ ಹಿರಿಯರು ಕೂತು ಬಗೆಹರಿಸೋಣ ಎಂದರೆಂದು ಮುಚ್ಚಿಟ್ಟರೆ ಸಂಸ್ಥೆಯ ಮುಖ್ಯಸ್ಥರಿಗೇ ಒಂದು ವರ್ಷದವರೆಗೆ ಜೈಲು ಆಗಬಹುದು.

ಈಗ ನಿಮ್ಮ ಮುಂದಿನ ದಾರಿಗಳು. ನಾಳೆಯೇ ರಾಜೀನಾಮೆ ಕೊಡುವುದು ಒಂದು. ಇದನ್ನು ನಾನು ಬೇಡ ಎನ್ನುತ್ತೇನೆ. ಸಂಸ್ಥೆಗೆ ಸಿಎಸ್‌ಆರ್ ಸಿಗಲು ಮೂರು ವರ್ಷ, ವಿದೇಶಿ ಹಣಕ್ಕೆ ಮೂರು ವರ್ಷ. ನಿಮ್ಮ ಉಳಿತಾಯ ಎರಡು ವರ್ಷದ್ದು. ಉಳಿತಾಯ ಮುಗಿಯುವ ಹೊತ್ತಿಗೆ ಬಾಗಿಲು ಇನ್ನೂ ಮುಚ್ಚಿರುತ್ತದೆ.

ಎರಡನೆಯದು, ಎರಡು ಮೂರು ವರ್ಷ ಇನ್ನೊಂದು ಸಂಸ್ಥೆಯಲ್ಲಿ ದುಡಿಯುವುದು. ನಿಮ್ಮ ಭಾಗದಲ್ಲೇ, ಯಾದಗಿರಿ, ಕಲಬುರಗಿಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶಿಕ್ಷಕರ ಜೊತೆ ಕೆಲಸ ಮಾಡುತ್ತದೆ. ಬೆಂಗಳೂರಿನಲ್ಲಿ ಅಕ್ಷರ ಫೌಂಡೇಶನ್, ಪ್ರಥಮ್, ಟೀಚ್ ಫಾರ್ ಇಂಡಿಯಾ ಇವೆ. ಸಂಬಳ ಇಳಿಯುತ್ತದೆ, ನಿಲ್ಲುವುದಿಲ್ಲ. ಒಂದು ಜಿಲ್ಲೆಯ ಕೆಲಸ ಹೇಗೆ ನಡೆಯುತ್ತದೆ, ಮೇಲ್ವಿಚಾರಕರ ಸೋಮವಾರದ ಸಭೆಯಲ್ಲಿ ಏನು ಮಾತಾಡುತ್ತಾರೆ ಎಂಬುದನ್ನು ಹೊರಗಿನಿಂದ ಕಲಿಯಲಾಗದು. ನಿಮ್ಮ ಮೂರು ಹಳ್ಳಿಯನ್ನು ಅಷ್ಟು ಕಾಲ ಯಾರು ನೋಡಿಕೊಳ್ಳುತ್ತಾರೆ ಎಂಬುದು ಇದರ ಅಪಾಯ. ಕಲಿಸುವ ಮೂವರಲ್ಲಿ ಒಬ್ಬರು ಆ ಹೊಣೆ ಹೊರಬಲ್ಲವರಾದರೆ ಈ ದಾರಿ ಬಹಳ ಒಳ್ಳೆಯದು.

ಮೂರನೆಯದು, ಕೆಲಸದಲ್ಲಿದ್ದುಕೊಂಡೇ ಈ ವರ್ಷ ಟ್ರಸ್ಟ್ ನೋಂದಾಯಿಸಿ, ಮೂವರಲ್ಲಿ ಒಬ್ಬರನ್ನು ಸಂಯೋಜಕಿಯನ್ನಾಗಿ ಮಾಡಿ ಪಗಾರ ಹೆಚ್ಚಿಸಿ, ಮೂರರಿಂದ ಐದು ಹಳ್ಳಿಗೆ ಮಾತ್ರ ಬೆಳೆಸಿ, ಎರಡು ವರ್ಷದ ಆಡಿಟ್ ವರದಿ ಮತ್ತು ಎರಡು ವರ್ಷದ ಓದಿನ ಅಂಕಿ ಕೈಗೆ ಬಂದ ಮೇಲೆ ಹೊರಬರುವುದು. ನಿಮಗೆ ನಾನು ಹೇಳುವುದು ಇದನ್ನು. ನಿಮ್ಮ ಕಂಪನಿಯ ಕರಾರಿನಲ್ಲಿ ಹೊರಗಿನ ಹುದ್ದೆಗಳ ಬಗ್ಗೆ ಏನಿದೆ ನೋಡಿ, ಸಂಬಳವಿಲ್ಲದ ಟ್ರಸ್ಟಿಯಾಗಲು ಎಚ್‌ಆರ್‌ನಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಈ ಎರಡು ವರ್ಷ ನೀವು ಸಂಬಳ ಪಡೆಯದಿದ್ದರೂ ದಾನಿಗಳಿಗೆ ತೋರಿಸುವ ಬಜೆಟ್ಟಿನಲ್ಲಿ ‘ಮುಖ್ಯಸ್ಥರ ಹುದ್ದೆ, ಪುಕ್ಕಟೆ ಸೇವೆ, ಮೌಲ್ಯ ಇಷ್ಟು’ ಎಂದು ಬರೆಯಿರಿ. 40 ಹಳ್ಳಿಯ ಮಾತನ್ನು ಸದ್ಯ ಪಕ್ಕಕ್ಕಿಡಿ. ಹದಿನೈದು ಸರಿಯಾಗಿ ನಡೆದರೆ ಮುಂದಿನದು ತಾನೇ ತಿಳಿಯುತ್ತದೆ.

ಬಿಡುವ ದಿನ ಹತ್ತಿರವಾದಾಗ ಮನೆಯ ಕಡೆಯ ಪಟ್ಟಿ ಬೇರೆ ಇದೆ. ಕಂಪನಿಯ ಗುಂಪು ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದ ಕೊನೆಯ ದಿನವೇ ಮುಗಿಯುತ್ತದೆ. ಹೊಸ ಪಾಲಿಸಿಗಳಲ್ಲಿ ಹಳೆಯ ಕಾಯಿಲೆಗೆ ಕಾಯುವ ಅವಧಿ ಇರುವುದರಿಂದ ಈಗಲೇ ಸ್ವಂತ ಪಾಲಿಸಿ ಮಾಡಿಸಿ. ಪಿಎಫ್ ಹಣವನ್ನು ಐದು ವರ್ಷದ ಸೇವೆ ತುಂಬುವ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಮುಟ್ಟಬೇಡಿ. ಗೃಹಸಾಲ ಬೇಕಿದ್ದರೆ ಸಂಬಳದ ಚೀಟಿ ಇರುವಾಗಲೇ. ಮನೆಯ ಒಂದು ವರ್ಷದ ಖರ್ಚು ಬೇರೆಯ ಖಾತೆಯಲ್ಲಿರಲಿ, ಟ್ರಸ್ಟಿನ ಕೈಗೆಟುಕದಂತೆ. ತಿಂಗಳ ಕೊನೆಯಲ್ಲಿ ಸಂಬಳಕ್ಕೆ ಕಡಿಮೆ ಬಿದ್ದಾಗ ಕೈ ಮೊದಲು ಹೋಗುವುದು ಅಲ್ಲಿಗೇ.

ಹತ್ತು ವರ್ಷದ ಪ್ರಶ್ನೆ ಉಳಿಯಿತು. ನಿಮ್ಮ ಹೆಂಡತಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲ ಎರಡು ಮೂರು ವರ್ಷ ನೀವು ತರಗತಿಯಲ್ಲಿರುತ್ತೀರಿ. ಆಮೇಲಿನ ನಾಲ್ಕೈದು ವರ್ಷ ಮಕ್ಕಳ ಮುಖ ನೋಡುವುದು ಅಪರೂಪ. ಜನರನ್ನು ನೇಮಿಸುವುದು, ಹಣ ತರುವುದು, ಕಚೇರಿಗಳಲ್ಲಿ ಕಾಯುವುದು. ಮಕ್ಕಳಿಗೆ ಕಲಿಸುವ ಆಸೆಯಿಂದ ಬಂದವರು ಈ ಘಟ್ಟದಲ್ಲಿ ಬಹಳ ಬಳಲುತ್ತಾರೆ, ಇದನ್ನು ಮೊದಲೇ ತಿಳಿದಿರಿ. ಹತ್ತನೇ ವರ್ಷದ ಸುಮಾರಿಗೆ ಕುರ್ಚಿ ಇನ್ನೊಬ್ಬರದಾಗುವಂತೆ ಸಿದ್ಧತೆ ಆಗಿರಬೇಕು. ಪ್ರಥಮ್ 1995ರಲ್ಲಿ ಮುಂಬೈನಲ್ಲಿ ಶುರುವಾಯಿತು. ಸ್ಥಾಪಕರಲ್ಲೊಬ್ಬರಾದ ಮಾಧವ್ ಚವ್ಹಾಣ್ ಅವರ ನಂತರ 2015ರಲ್ಲಿ ಸಿಇಒ ಹುದ್ದೆಗೆ ಬಂದ ರುಕ್ಮಿಣಿ ಬ್ಯಾನರ್ಜಿ ಅದೇ ಸಂಸ್ಥೆಯಲ್ಲಿ 1996ರಿಂದ ದುಡಿದವರು. ಅಂಥವರು ಒಳಗಿನಿಂದ ಬೆಳೆಯಲು ಎರಡನೇ ಸಾಲಿನವರಿಗೂ ಬದುಕುವಷ್ಟು ಸಂಬಳ, ಸಹಿ ಹಾಕುವ ಅಧಿಕಾರ, ದಾನಿಗಳ ಪರಿಚಯ ಬೇಕು. ನಿಮ್ಮ ಆ ಮೂವರು ಯುವತಿಯರಲ್ಲಿ ಒಬ್ಬರು ಅಲ್ಲಿಗೆ ಬರಲಾರರೆಂದು ಯಾರು ಹೇಳಿದರು?

ನಿಮ್ಮ ವಿಷಯಕ್ಕೆ ಬಂದರೆ, ಮೂರು ನಾಲ್ಕು ವರ್ಷ ಬಿಟ್ಟ ಮೇಲೆ ಸಾಫ್ಟ್‌ವೇರ್‌ಗೆ ಹಳೆಯ ಮಟ್ಟದಲ್ಲೇ ಮರಳುವುದು ಕಷ್ಟ, ಇದನ್ನು ಮನೆಯಲ್ಲಿ ಮುಚ್ಚಿಡಬೇಡಿ. ಆದರೆ ದೊಡ್ಡ ಪ್ರತಿಷ್ಠಾನಗಳ ಕಾರ್ಯಕ್ರಮ ಮುಖ್ಯಸ್ಥರು, ಕಂಪನಿಗಳ ಸಿಎಸ್‌ಆರ್ ವಿಭಾಗ, ಸರ್ಕಾರಿ ಯೋಜನೆಗಳ ಸಲಹಾ ಹುದ್ದೆಗಳಿಗೆ ಬೇಕಾದ ಅನುಭವ ನಿಮ್ಮಲ್ಲಿರುತ್ತದೆ. ಅವರು ಕೇಳುವುದು ನೇಮಕಾತಿ ಪತ್ರ, ಫಾರ್ಮ್ 16, ಹುದ್ದೆಯ ಹೆಸರು. ಉಳಿತಾಯ ತಿಂದು ದುಡಿದ ವರ್ಷಗಳಿಗೆ ಕಾಗದದ ಮೇಲೆ ಸಾಕ್ಷಿಯಿಲ್ಲ. 20 ನೌಕರರು ಇಲ್ಲದಿದ್ದರೂ ಸಂಸ್ಥೆ ಸ್ವಇಚ್ಛೆಯಿಂದ ಪಿಎಫ್‌ಗೆ ಸೇರಬಹುದು. ಮೊದಲ ವರ್ಷವೇ ಸೇರಿ, ನಿಮಗೂ ಕಲಿಸುವವರಿಗೂ.

ಈ ಭಾನುವಾರ ಹೆಂಡತಿಯವರ ಜೊತೆ ಕೂತು ಒಂದು ಹಾಳೆಯಲ್ಲಿ ಮನೆಯ ತಿಂಗಳ ಖರ್ಚನ್ನು ಬಾಬ್ತುವಾರು ಬರೆಯಿರಿ: ಬಾಡಿಗೆ ಅಥವಾ ಕಂತು, ಶಾಲೆಯ ಫೀಸು ಇದ್ದರೆ ಅದು, ಊರಿಗೆ ಕಳಿಸುವುದು, ವಿಮೆ. ಇದಕ್ಕಿಂತ ಕಡಿಮೆಗೆ ಇಳಿಯಲಾಗದು ಎಂದು ಅವರು ಗೆರೆ ಎಳೆದ ಅಂಕಿಯನ್ನೇ ಟ್ರಸ್ಟಿನ ಮೊದಲ ಸಭೆಯಲ್ಲಿ ಮುಖ್ಯಸ್ಥರ ಸಂಬಳದ ಸಾಲಿಗೆ ಪ್ರಸ್ತಾವವಾಗಿ ಇಟ್ಟು, ನೀವು ಹೊರಗೆ ಹೋಗಿ ಕೂತುಕೊಳ್ಳಿ.